ನಿನ್ನೆಯ ಬಸ್ಸಾರು

ಅರಸೀಕೆರೆಯ ಆ ಬೀದಿಯಲ್ಲಿ ಶಿವಗಂಗಮ್ಮನ ಮೂಗಿಗಿದ್ದ ಮರ್ಯಾದೆ ಅವಳ ಗಂಡ ದೇವೀರಪ್ಪನ ಕೊಬ್ಬರಿ ಮಂಡಿಗೂ ಇರಲಿಲ್ಲ. ಹಾಲು ಕಾಯಿಸಿದರೆ ಒಡೆಯುತ್ತದೋ ಇಲ್ಲವೋ, ದೋಸೆ ಹಿಟ್ಟು ಇನ್ನೊಂದು ದಿನ ತಡೆಯುತ್ತದೋ ಇಲ್ಲವೋ, ಮದುವೆ ಮನೆಯಲ್ಲಿ ಮಧ್ಯಾಹ್ನ ಮಿಕ್ಕ ಪಲ್ಯವನ್ನು ರಾತ್ರಿ ಪಂಕ್ತಿಗೆ ಬಡಿಸಬಹುದೋ ಬಾರದೋ, ಎಲ್ಲದಕ್ಕೂ ಅವಳ ಮೂಗೇ ಕೋರ್ಟು. ಅದರ ಮೇಲೆ ಅಪೀಲು ಇರಲಿಲ್ಲ. ಪಕ್ಕದ ಮನೆಯ ಸುವರ್ಣಮ್ಮ ಪಾತ್ರೆ ಹಿಡಿದು ಬಾಗಿಲಿಗೆ ಬಂದರೆ ಇವಳು ಬಗ್ಗಿ ಮೂಸುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಿಂತಲ್ಲಿಂದಲೇ, "ಈಗ ಉಂಡ್ರೆ ಸರಿ, ರಾತ್ರಿಗಿಡಬೇಡ ಕಣಮ್ಮ" ಎಂದು ಕಳಿಸುತ್ತಿದ್ದಳು. ಮಂಡಿಗೆ ಬಂದ ಕಾಯಿಯನ್ನು ಗಂಡಸರು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದರೆ, ಇವಳು ಕಾಯಿಯ ಕಣ್ಣಿನ ಹತ್ತಿರ ಮೂಗು ತಂದು ಒಳಗೆ ಕೊಳೆತದ್ದನ್ನು ಹೇಳುತ್ತಿದ್ದಳು. ಆ ಮಾತು ಸುಳ್ಳಾದದ್ದನ್ನು ಕಂಡವರಿಲ್ಲ. ಕಂಡಿದ್ದರೂ ಅವಳೆದುರು ಬಾಯಿ ಬಿಡುವ ಗಂಡಸು ಆ ಮಂಡಿಯಲ್ಲಿ ಯಾರಿದ್ದ ಹೇಳಿ!

ಅವಳು ಹುಟ್ಟಿದ್ದು ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ. ಮನೆ ತುಂಬ ಮಕ್ಕಳು, ಬೆಳಗಾದರೆ ತಂಗಳು. ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಮೇಲೊಂದು ಹಸಿಮೆಣಸಿನಕಾಯಿ ಕಡಿದುಕೊಂಡು ಶಾಲೆಗೆ ಓಡಿದವಳು. ಆ ಮನೆಯಲ್ಲಿ ಚೆಲ್ಲುವುದು ಎಂಬ ಮಾತೇ ಇರಲಿಲ್ಲ. ಲಿಂಗಪೂಜೆ ಮುಗಿಸಿ ಎಡೆ ತೋರಿಸಿದ ಮೇಲೆ ಮನೆಯ ಅಡಿಗೆಯೆಲ್ಲ ಪ್ರಸಾದ. ಪ್ರಸಾದವನ್ನು ತಟ್ಟೆಯಲ್ಲಿ ಬಿಟ್ಟು ಏಳುವ ಹಾಗಿಲ್ಲ. ಉಂಡಾದ ಮೇಲೆ ತಟ್ಟೆಗೆ ಒಂದು ಲೋಟ ನೀರು ಹಾಕಿ, ಅಂಟಿದ್ದನ್ನೆಲ್ಲ ಬೆರಳಿನಿಂದ ಬಳಿದು ತೊಳೆದು, ಆ ನೀರನ್ನೂ ಕುಡಿದುಬಿಡಬೇಕು. ತಟ್ಟೆ ಎತ್ತಿ ಇಟ್ಟರೆ ಉಂಡದ್ದೋ ಉಣ್ಣದ್ದೋ ಗೊತ್ತಾಗಬಾರದು. ಇಪ್ಪತ್ತನೆಯ ವಯಸ್ಸಿಗೆ ಅರಸೀಕೆರೆಗೆ ಸೊಸೆಯಾಗಿ ಬಂದಾಗ ಅವಳು ತವರಿನಿಂದ ತಂದದ್ದು ಒಂದು ಟ್ರಂಕು, ಒಂದು ಜೊತೆ ಓಲೆ ಮತ್ತು ಈ ಪಾಠ.

ಈ ಮನೆಯಲ್ಲೂ ತಟ್ಟೆ ತೊಳೆದು ಕುಡಿಯುವ ಪದ್ಧತಿ ಇತ್ತು. ಆದರೆ ದೇವೀರಪ್ಪನಿಗೆ ತಂಗಳು ಎಂದರೆ ಆಗದು. ಎಂಥ ಆಗದಿರುವಿಕೆ ಎನ್ನುತ್ತೀರಿ! ಮಂಡಿಯಲ್ಲಿ ಎಂಥೆಂಥ ದಲ್ಲಾಳಿಗಳನ್ನು ತಾಳ್ಮೆಯಿಂದ ಮಾತಾಡಿಸುವ ಮನುಷ್ಯ, ತಟ್ಟೆಗೆ ನಿನ್ನೆಯ ಸಾರು ಬಿದ್ದರೆ ಚಿಕ್ಕ ಮಗುವಾಗಿಬಿಡುತ್ತಿದ್ದ. ಒಂದು ತುತ್ತು ಬಾಯಿಗಿಟ್ಟುಕೊಂಡು, ಹೆಂಡತಿಯ ಮುಖ ನೋಡಿ, "ಇದು ನಿನ್ನೇದು" ಎನ್ನುತ್ತಿದ್ದ.

"ನಿನ್ನೇದಾದ್ರೇನು? ಬಸ್ಸಾರು ಹಳೇದಾದಷ್ಟೂ ರುಚಿ. ಲೋಕಕ್ಕೇ ಗೊತ್ತು."

"ಅದು ಯಾರೋ ಸೋಮಾರಿ ಹೆಂಗ್ಸು ಹುಟ್ಟಿಸಿದ ಮಾತು ಕಣೇ."

"ಹೌದೌದು, ಸೋಮಾರಿ ನಾನು. ಐದಕ್ಕೆ ಎದ್ದು ನಿಮ್ಮನೆ ಹೊಸಿಲು ಸಾರ್ಸಿದ್ದು ಯಾರು, ಬೀದಿಯವ್ರಾ? ಮೂಸಿ ನೋಡೀನಿ, ಏನೂ ಆಗಿಲ್ಲ, ಚೆನ್ನಾಗೈತೆ. ಸುಮ್ನೆ ತಿನ್ನಿ."

ಅವನು ತಿನ್ನುತ್ತಿರಲಿಲ್ಲ. ತಟ್ಟೆಯಲ್ಲಿ ಬಿಡುವ ಹಾಗೂ ಇಲ್ಲವಲ್ಲ, ಅದಕ್ಕೆ ಬಡಿಸುವ ಮೊದಲೇ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, "ಇವತ್ತಿನದಾದ್ರೆ ಹಾಕು" ಎನ್ನುವುದನ್ನು ಕಲಿತ. ಇವಳು ಗೊಣಗುತ್ತ ಎರಡು ಟೊಮೆಟೊ ಹಿಂಡಿ ತಿಳಿಸಾರು ಮಾಡಿ ಹಾಕುವಳು. ನಿನ್ನೆಯದನ್ನು ತಾನು ಉಂಡು, "ನಾಲಿಗೆ ಇದ್ದೋರಿಗೆ ಗೊತ್ತಾಗುತ್ತೆ ರುಚಿ" ಎಂದು ಅವನಿಗೆ ಕೇಳುವ ಹಾಗೆ ಚಪ್ಪರಿಸುವಳು. ಮೂವತ್ತೆಂಟು ವರ್ಷ ಇದೇ ಜಗಳ. ಮಗ ಬಸವಕುಮಾರ ಹುಟ್ಟಿ, ಬೆಳೆದು, ಮಂಡಿಗೆ ಕೂತು, ಬೇಲೂರಿನ ಗಂಗಾಧರಯ್ಯನವರ ಮಗಳು ಮೇಘಶ್ರೀಯನ್ನು ಮದುವೆಯಾಗಿ, ಅವರಿಗೊಂದು ಹೆಣ್ಣುಮಗು ಸಿರಿ ಹುಟ್ಟಿದರೂ ಜಗಳ ಮುಗಿದಿರಲಿಲ್ಲ. ಒಂದು ಸಲವೂ ದೇವೀರಪ್ಪ ಸೋಲಲಿಲ್ಲ, ಒಂದು ಸಲವೂ ಶಿವಗಂಗಮ್ಮ ಬಿಡಲಿಲ್ಲ.

ಕೊರೋನಾದ ಎರಡನೆಯ ವರ್ಷ, ಮೇ ತಿಂಗಳು. ಮೊದಲು ದೇವೀರಪ್ಪನಿಗೆ ಜ್ವರ ಬಂತು, ಮೂರು ದಿನಕ್ಕೆ ಇವಳಿಗೂ ಬಂತು. ಸಿರಿ ಇನ್ನೂ ವರ್ಷದ ಕೂಸು. ಮಗ ಸೊಸೆ ಕೂಸನ್ನು ಕರೆದುಕೊಂಡು ಬೇಲೂರಿಗೆ ಹೋಗಲಿ ಎಂದು ಇವಳೇ ಹಟ ಹಿಡಿದು ಅಟ್ಟಿದಳು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಸುವರ್ಣಮ್ಮ ಗೇಟಿನ ಹೊರಗೆ ಹಾಲು ತರಕಾರಿ ಇಟ್ಟು ಕೂಗಿ ಹೋಗುತ್ತಿದ್ದಳು. ಒಂದು ದಿನ ಶಿವಗಂಗಮ್ಮ ಮೈಯಲ್ಲಿ ತ್ರಾಣ ಇದ್ದಷ್ಟು ಸೊಪ್ಪು, ಕಾಳು ಬೇಯಿಸಿ ಬಸಿದು ಒಂದು ಪಾತ್ರೆ ಬಸ್ಸಾರು ಮಾಡಿಟ್ಟಳು. ಆ ರಾತ್ರಿಯೆಲ್ಲ ಕರೆಂಟಿರಲಿಲ್ಲ, ಸೆಕೆಯೆಂದರೆ ಸೆಕೆ. ಮಾರನೆಯ ದಿನ ಮಧ್ಯಾಹ್ನ ಹೊಸದಾಗಿ ಏನನ್ನೂ ಮಾಡಲು ಕೈ ಏಳಲಿಲ್ಲ. ಮುಚ್ಚಳ ತೆಗೆದಳು, ಮೂಗು ಹತ್ತಿರ ತಂದಳು, ಕೆಟ್ಟ ವಾಸನೆ ಇರಲಿಲ್ಲ. ಬಿಸಿ ಮಾಡಿ, ಒಂದು ಮುದ್ದೆ ಕಟ್ಟಿ, ಗಂಡನ ಮುಂದೆ ಇಟ್ಟಳು. ಅವನು ಅಂಗೈ ಅಡ್ಡ ಹಿಡಿಯುತ್ತಾನೆಂದು ಕಾದಳು. ಅವನು ಹಿಡಿಯಲಿಲ್ಲ. ಒಂದು ತುತ್ತು ಬಾಯಿಗಿಟ್ಟುಕೊಂಡು ಅವಳ ಮುಖ ನೋಡಿದ.

"ಏನು ನೋಡ್ತೀರಾ? ಏನೂ ಆಗಿಲ್ಲ, ಚೆನ್ನಾಗೈತೆ. ತಿನ್ನಿ."

ದೇವೀರಪ್ಪ ಮಾತಾಡದೆ ತಿಂದ. ಇಡೀ ಮುದ್ದೆ ತಿಂದ. ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಕುಡಿದು, "ಚೆನ್ನಾಗಿತ್ತು" ಎಂದು ಹೋಗಿ ಮಲಗಿದ.

ಇವಳಿಗೆ ಉಣ್ಣಲು ಮನಸ್ಸಾಗಲಿಲ್ಲ. ಉಳಿದ ಮುದ್ದೆಗೆ ಉಳಿದ ಸಾರು ಸುರಿದು ಗೇಟಿನ ಹೊರಗೆ ಬೀದಿ ನಾಯಿಗೆ ಇಟ್ಟಳು. ದಿನಾ ಬಾಲ ಆಡಿಸಿಕೊಂಡು ಬರುವ ನಾಯಿ ಅವತ್ತೂ ಬಂತು. ಮೂತಿ ಹತ್ತಿರ ತಂದಿತು, ಹಿಂದಕ್ಕೆಳೆದುಕೊಂಡಿತು, ಮೋರಿ ದಾಟಿ ಹೊರಟುಹೋಯಿತು. ನಾಯಿಯೂ ಮೂಸದ ಕೂಳು ಎಂದು ಬೈಗುಳಕ್ಕೆ ನಾವೆಲ್ಲ ಹೇಳುತ್ತೇವೆ. ಶಿವಗಂಗಮ್ಮ ಅದನ್ನು ಕಣ್ಣಾರೆ ಕಂಡಳು. ಬಗ್ಗಿ ನೋಡಿದಳು. ಬಿಸಿಲಿನಲ್ಲಿ ಸಾರಿನ ಅಂಚಿಗೆ ನೊರೆ ಹಿಡಿದದ್ದು ಕಾಣುತ್ತಿತ್ತು, ಬೆರಳಿಗೆ ಲೋಳೆ ಅಂಟಿತು. ಒಳಗೆ ಓಡಿ ಇಂಗಿನ ಡಬ್ಬಿ ತೆಗೆದು ಮೂಸಿದಳು. ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಕರ್ಪೂರ ಹಚ್ಚಿ ಮುಖವಿಟ್ಟಳು. ಏನೂ ಇಲ್ಲ. ಸುಣ್ಣದ ಗೋಡೆ ಮೂಸಿದರೂ ಒಂದೇ, ಕರ್ಪೂರ ಮೂಸಿದರೂ ಒಂದೇ.

ಗಂಡ ನಿದ್ದೆ ಮಾಡುತ್ತಿದ್ದ. ಎದ್ದ ಮೇಲೆ ಕೇಳೋಣ ಎಂದುಕೊಂಡಳು. ಸಾಯಂಕಾಲ ಅವನಿಗೆ ಉಸಿರು ಸಿಕ್ಕಿಕೊಳ್ಳಲು ಶುರುವಾಯಿತು, ಕೇಳುವ ಹೊತ್ತು ಅದಲ್ಲ. ಬೆಳಿಗ್ಗೆ ಬಸವಕುಮಾರ ಬೇಲೂರಿನಿಂದ ಕಾರು ತಂದು, ಮುಖಕ್ಕೆ ಎರಡೆರಡು ಮಾಸ್ಕು ಕಟ್ಟಿಕೊಂಡು, ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಾಸನಕ್ಕೆ ಹೋದ. ಒಂಬತ್ತನೆಯ ದಿನ ದೇವೀರಪ್ಪ ಹೋಗಿಬಿಟ್ಟ. ಪ್ಲಾಸ್ಟಿಕ್ ಸುತ್ತಿದ ದೇಹವನ್ನು ಆಂಬ್ಯುಲೆನ್ಸಿನಲ್ಲಿ ತಂದು ನೇರವಾಗಿ ತೋಟದಲ್ಲಿ ತೋಡಿದ್ದ ಗುಣಿಗೆ ಇಳಿಸಿದರು. ಶಿವಗಂಗಮ್ಮನಿಗೆ ದೂರದಿಂದ ತೋರಿಸಿದರು. ಅವಳು ನೋಡಿದಳು.

ಅಳಲಿಲ್ಲ. ಅವತ್ತೂ ಅಳಲಿಲ್ಲ, ಹನ್ನೊಂದನೆಯ ದಿನದ ಶಿವಗಣಾರಾಧನೆಯಲ್ಲೂ ಅಳಲಿಲ್ಲ. ನೆಂಟರ ಹೆಂಗಸರು ಫೋನಿನಲ್ಲಿ ಅತ್ತರು, ಇವಳು "ಹೂಂ", "ಹೌದು", "ನಡೀತು" ಎಂದಳು. ಕಲ್ಲಿನಂಥ ಹೆಂಗಸು ಎಂದು ಸುವರ್ಣಮ್ಮ ಯಾರಿಗೋ ಹೇಳಿದ್ದು ಇವಳ ಕಿವಿಗೂ ಬಿತ್ತು. ಸರಿಯಾಗಿಯೇ ಹೇಳಿದಳು ಎನ್ನಿಸಿತು. ಮೈಗೆ ನೀರು ಹೊಯ್ದುಕೊಂಡರೆ ನೀರು ಬಿದ್ದದ್ದು ಗೊತ್ತಾಗುತ್ತಿತ್ತು, ಅಷ್ಟೇ. ಬಿಸಿಯೋ ತಣ್ಣಗೋ ಎಂದು ಯೋಚಿಸುವ ಮೊದಲೇ ಸ್ನಾನ ಮುಗಿದಿರುತ್ತಿತ್ತು. ಊಟ ಎಂದರೆ ನೀರಿಳಿಯದ ಗಂಟಲಿಗೆ ಕಡುಬು ತುರುಕುವುದು. ಹುಳಿ, ಉಪ್ಪು ನಾಲಿಗೆಯ ತುದಿಯಲ್ಲಿ ದೂರದಿಂದ ಬಂದುಹೋಗುತ್ತಿತ್ತು, ಉಳಿದದ್ದೆಲ್ಲ ಮಣ್ಣು. ಹಬ್ಬ ಬಂತು ಹೋಯಿತು. ಒಬ್ಬಟ್ಟು ತಟ್ಟಿದಳು, ಬೇಯಿಸಿದಳು, ಎಲ್ಲರಿಗೂ ಬಡಿಸಿದಳು.

ಮೂಗು ಹೋದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಿಬಿಡಬಹುದಿತ್ತು, ಆ ಕಾಯಿಲೆಯಲ್ಲಿ ಊರಿಗೆ ಊರೇ ಮೂಗು ಕಳೆದುಕೊಂಡಿತ್ತು, ಅದರಲ್ಲಿ ನಾಚಿಕೆ ಏನು ಬಂತು? ಆದರೆ ಹೇಳಿದರೆ ಯಾವಾಗಿಂದ ಎಂದು ಕೇಳುತ್ತಾರೆ. ಅಪ್ಪ ಮನೆಯಲ್ಲಿದ್ದಾಗಲೇ ಎಂದರೆ, ಹಾಗಾದರೆ ಅಪ್ಪನಿಗೆ ಏನು ಬಡಿಸಿದೆ ಎಂದು ಕೇಳುತ್ತಾರೆ. ಸಾಯುವ ಕಾಯಿಲೆಯಲ್ಲಿ ಮಲಗಿದ್ದ ಗಂಡನಿಗೆ, ತಂಗಳನ್ನು ಜನ್ಮದಲ್ಲಿ ಮುಟ್ಟದ ಗಂಡನಿಗೆ, ಮನೆಯ ಕೊನೆಯ ಊಟವೆಂದು ಹಳಸಿದ ಸಾರು ಬಡಿಸಿದವಳು ತಾನು. ಬಿಸಿ ತುಪ್ಪದಂತೆ ಆ ಮಾತು ಬಾಯಲ್ಲೇ ಉಳಿಯಿತು, ನುಂಗಲೂ ಆಗದು, ಉಗುಳಲೂ ಆಗದು. ಅವಳು ಹಿಡಿದುಕೊಂಡಿದ್ದು ಒಂದೇ ಒಂದು ಸಮಾಧಾನ. ಅವರಿಗೂ ಮೂಗು ಹೋಗಿತ್ತು. ಇಲ್ಲದಿದ್ದರೆ ಆ ಮನುಷ್ಯ ತಿನ್ನುತ್ತಿದ್ದರೇ? ಮೂವತ್ತೆಂಟು ವರ್ಷ ತಿನ್ನದವರು! ಖಂಡಿತ ಹೋಗಿತ್ತು. ಆದರೆ ಆ ಮೊದಲ ತುತ್ತು ಬಾಯಿಗಿಟ್ಟು ಅವರು ತನ್ನ ಮುಖ ನೋಡಿದ್ದು ಯಾಕೆ? ಇಲ್ಲಿಗೆ ಬಂದು ಅವಳ ಯೋಚನೆ ನಿಲ್ಲುತ್ತಿತ್ತು. ಎದ್ದು ಏನಾದರೂ ಕೆಲಸ ಮಾಡುತ್ತಿದ್ದಳು.

ಹೀಗೆ ನಾಲ್ಕು ವರ್ಷ ನಡೆಯಿತು. ಪಾತ್ರೆ ಮುಂದೆ ಹಿಡಿದರೆ ಹಳೆಯ ಗತ್ತಿನಲ್ಲೇ ಒಂದು ಕ್ಷಣ ನಿಂತು ತೀರ್ಪು ಕೊಡುತ್ತಿದ್ದಳು. ಮಾಡಿದ್ದು ಯಾವಾಗ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವಳು, ಅಂಚಿನಲ್ಲಿ ನೊರೆ ಇದೆಯೇ, ಸೌಟು ಎತ್ತಿದರೆ ನೂಲು ಬರುತ್ತದೆಯೇ ಎಂದು ಕಣ್ಣಲ್ಲಿ ನೋಡುವಳು. ಸಂಶಯ ಬಂದರೆ, "ನಂಗಿರ್ಲಿ ಬಿಡು" ಎಂದು ತಾನೇ ತಿಂದುಬಿಡುವಳು. ಎರಡು ಸಲ ಹೊಟ್ಟೆ ಕೆಟ್ಟಿತು, ಯಾರಿಗೂ ಹೇಳಲಿಲ್ಲ.

ಕಷ್ಟವಾದದ್ದು ಸೊಸೆಯ ದೆಸೆಯಿಂದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಮಾವ ಇದ್ದಾಗ ಅಡಿಗೆ ಮನೆಯಲ್ಲಿ ತುಟಿ ಪಿಟಕ್ಕೆನ್ನದ ಮೇಘಶ್ರೀ ಈಗ ಫ್ರಿಜ್ಜಿನ ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸತೊಡಗಿದಳು. 'ಸೋಮವಾರ ಬೆಳಿಗ್ಗೆ, ಹುಳಿ.' 'ಮಂಗಳವಾರ ರಾತ್ರಿ, ಕಾಳುಪಲ್ಯ.' ದಪ್ಪ ದಪ್ಪ ಅಕ್ಷರ. ಎರಡು ದಿನ ದಾಟಿದ್ದು ಕಸಕ್ಕೆ.

"ನಮ್ಮನೇಲಿ ಅನ್ನಕ್ಕೆ ಚೀಟಿ ಅಂಟಿಸಿದ್ದು ನಾನು ಕಾಣೆ ಕಣಮ್ಮ. ಮೂಸಿದ್ರೆ ಗೊತ್ತಾಗಲ್ವಾ?"

"ಮೂಸಿದ್ರೆ ಎಲ್ಲಾ ಗೊತ್ತಾಗಲ್ಲ ಅತ್ತೆ. ವಾಸನೆ ಬರೋಕೆ ಮುಂಚೇನೇ ಕೆಟ್ಟಿರುತ್ತೆ."

ಹೋಗಲಿ, ಚೀಟಿಯನ್ನಾದರೂ ಸಹಿಸಬಹುದು. ಅತ್ತೆ ಮೂಸಿ "ಚೆನ್ನಾಗೈತೆ" ಎಂದು ಇಟ್ಟ ಪಾತ್ರೆಯನ್ನು ಅವಳು ಮತ್ತೆ ಎತ್ತಿ, ಬೆನ್ನು ತಿರುಗಿಸಿ, ತಾನೂ ಮೂಸುತ್ತಿದ್ದಳು! ಹಿಂದಾಗಿದ್ದರೆ ಶಿವಗಂಗಮ್ಮ ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದಳು. ಈಗ ನೋಡಿ ಸುಮ್ಮನಾದಳು. ಕೋಪ ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ.

ಮೊನ್ನೆ ಭಾನುವಾರ ಮಠದಲ್ಲಿ ಹಿರಿಯ ಸ್ವಾಮಿಗಳ ಸ್ಮರಣೆಯ ದಾಸೋಹವಿತ್ತು. ದಾಸೋಹದ ತೆಂಗಿನಕಾಯಿಯೆಲ್ಲ ಬಸವಕುಮಾರನ ಮಂಡಿಯಿಂದಲೇ ಹೋಗಿತ್ತು. ಅವನು ಬರುವಾಗ ಒಂದು ಕ್ಯಾರಿಯರಿನ ತುಂಬ ಕಾಯಿಹಾಲು ಹಾಕಿದ ಗೋಧಿ ಪಾಯಸ ತಂದ. ತಂದವನು ಸೀದಾ ಮನೆಗೆ ಬಂದನೇ? ದಾರಿಯಲ್ಲಿ ಎರಡು ತೋಟ ನೋಡಿಕೊಂಡು, ಬಿಸಿಲಿನಲ್ಲಿ ಕಾರು ನಿಲ್ಲಿಸಿ, ಸಂಜೆ ಮನೆ ಸೇರಿದ. ಕ್ಯಾರಿಯರು ಕಾರಿನಲ್ಲೇ ಉಳಿದು ರಾತ್ರಿ ಕಳೆದು ಸೋಮವಾರ ಬೆಳಿಗ್ಗೆ ಅಡಿಗೆ ಮನೆಯ ಕಟ್ಟೆಗೆ ಬಂತು. ಮೇಘಶ್ರೀ ಮುಚ್ಚಳ ತೆಗೆದು ನೋಡಿ, ಹಿತ್ತಿಲ ಬಾಗಿಲ ಹತ್ತಿರ ಇಟ್ಟಳು. ಅವಳ ಅಪ್ಪ ಗಂಗಾಧರಯ್ಯನವರಿಗೆ ಕಣ್ಣಿನ ಆಪರೇಷನ್ ಆಗಿತ್ತು, ನೋಡಿಕೊಂಡು ಬರಲು ಬೇಲೂರಿಗೆ ಹೊರಟಿದ್ದಳು. ಸಿರಿಗೆ ಶಾಲೆಗೆ ರಜ.

"ಅತ್ತೆ, ಆ ಪಾಯಸ ಬೇಡ. ಬಂದು ನಾನೇ ತೆಗೀತೀನಿ. ಸಿರಿಗಂತೂ ಕೊಡ್ಲೇಬೇಡಿ."

"ಮಠದ ಪ್ರಸಾದ ಕಣಮ್ಮ ಅದು. ಚೆಲ್ತೀಯಾ?"

"ಗಿಡದ ಬುಡಕ್ಕೆ ಹಾಕ್ತೀನಿ, ತುಳಿಯೋ ಜಾಗಕ್ಕಲ್ಲ. ಲೇಟಾಯ್ತು, ಬರ್ತೀನಿ ಅತ್ತೆ."

ಶಿವಗಂಗಮ್ಮ ಕ್ಯಾರಿಯರನ್ನು ವಾಪಸು ಕಟ್ಟೆಯ ಮೇಲಿಟ್ಟಳು. ಸಿಟ್ಟಿನಿಂದ ಏನಲ್ಲ. ಪ್ರಸಾದದ ಜಾಗ ಹಿತ್ತಿಲ ಬಾಗಿಲಲ್ಲ, ಅದಕ್ಕೆ. ಹನ್ನೆರಡು ಗಂಟೆಗೆ ಸಿರಿ ಅದನ್ನು ನೋಡಿದಳು.

"ಅಜ್ಜಿ, ಪಾಯಸ! ನಂಗೆ ಬೇಕು."

"ನಿಮ್ಮಮ್ಮ ಬೇಡ ಅಂದವ್ಳೆ."

"ನೀನು ಮೂಸಿ ಹೇಳು. ಅಪ್ಪ ಹೇಳಿದಾನೆ, ನಿನ್ ಮೂಗು ಅರಸೀಕೆರೆಗೇ ಫಸ್ಟ್ ಅಂತೆ."

ಐದು ವರ್ಷದ ಮಗು ಕತ್ತೆತ್ತಿ ನಂಬಿಕೆಯಿಂದ ಅಜ್ಜಿಯ ಮೂಗನ್ನೇ ನೋಡುತ್ತ ನಿಂತಿತು. ಆ ಹೊತ್ತಿನಲ್ಲಿ ನಿಜ ಹೇಳಬಹುದಿತ್ತು, ಎದುರಿಗಿದ್ದದ್ದು ಒಂದು ಮಗು ಅಷ್ಟೇ. ಶಿವಗಂಗಮ್ಮ ಮುಚ್ಚಳ ತೆಗೆದಳು. ಮೂಗು ತಂದಳು. ಕಣ್ಣಲ್ಲಿ ನೋಡಿದಳು, ನೊರೆ ಇಲ್ಲ, ನೂಲಿಲ್ಲ, ಬಣ್ಣ ಹೋಗಿಲ್ಲ. ಒಂದು ಚಮಚ ಬಾಯಿಗೆ ಹಾಕಿಕೊಂಡಳು; ಏನೋ ದಪ್ಪಗೆ ಗಂಟಲಿಳಿಯಿತು.

"ಏನೂ ಆಗಿಲ್ಲ. ಚೆನ್ನಾಗೈತೆ. ತಿನ್ನು."

ಬಟ್ಟಲು ತುಂಬ ಹಾಕಿಕೊಟ್ಟಳು. ಸಿರಿ ಒಂದು ಚಮಚ ಬಾಯಿಗಿಟ್ಟಳು. ಇಟ್ಟು, ಅಜ್ಜಿಯ ಮುಖ ನೋಡಿದಳು.

ಆ ನೋಟ ಶಿವಗಂಗಮ್ಮನಿಗೆ ಗೊತ್ತಿತ್ತು. "ಯಾಕವ್ವ, ಚೆನ್ನಾಗಿಲ್ವಾ?" ಎಂದು ಕೇಳಿದಳು.

"ಚೆನ್ನಾಗಿದೆ ಅಜ್ಜಿ" ಎಂದಿತು ಮಗು. ಬೇಗ ಬೇಗ ಇನ್ನೆರಡು ಚಮಚ ನುಂಗಿತು. ಬೇಡವೆಂದರೆ ಬಿಡು ಎಂದು ಅಜ್ಜಿ ಹೇಳುವಷ್ಟರಲ್ಲಿ, "ಬಿಟ್ರೆ ಪಾಪ ಅಲ್ವಾ?" ಎಂದು ಬಟ್ಟಲನ್ನು ಎತ್ತಿ ಬಾಯಿಗೇ ಸುರಿದುಕೊಂಡಿತು. ಆಮೇಲೆ ಅಜ್ಜಿ ಕಲಿಸಿದ ಹಾಗೇ, ನೀರು ಹಾಕಿ, ಪುಟ್ಟ ಬೆರಳಾಡಿಸಿ, ಬಟ್ಟಲು ತೊಳೆದು ಕುಡಿಯಿತು. ಕುಡಿಯುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತ್ತು.

ಎರಡೂವರೆಗೆ ಮೊದಲ ವಾಂತಿ. ಮೂರು ಗಂಟೆಯ ಹೊತ್ತಿಗೆ ನಾಲ್ಕು ಸಲ ಆಗಿತ್ತು. ಮಗುವಿನ ತುಟಿ ಬೆಳ್ಳಗಾಗಿ, ಕತ್ತು ಅಜ್ಜಿಯ ಭುಜದ ಮೇಲೆ ಬಿತ್ತು. ಸುವರ್ಣಮ್ಮ ಮಂಡಿಗೆ ಫೋನು ಮಾಡಿದಳು. ಬಸವಕುಮಾರ ಓಡಿ ಬಂದ. ಬಿ.ಎಚ್. ರಸ್ತೆಯ ಡಾಕ್ಟರು ಇಂಜೆಕ್ಷನ್ ಕೊಟ್ಟು, ಗ್ಲೂಕೋಸು ಹಾಕಿ, "ಏನು ತಿಂದಿತ್ತು ಮಗು?" ಎಂದರು.

"ಪಾಯಸ" ಎಂದಳು ಶಿವಗಂಗಮ್ಮ. "ನಿನ್ನೇದು."

"ಕಾಯಿಹಾಲಿಂದು ಒಂದು ದಿನ ಹೊರಗಿದ್ರೆ ವಾಸನೆ ಬಂದಿರುತ್ತಲ್ಲಮ್ಮ. ಗೊತ್ತಾಗ್ಲಿಲ್ವಾ?"

ಬಸವಕುಮಾರ ಮಧ್ಯೆ ಬಾಯಿ ಹಾಕಿ, "ಆಯ್ತು ಬಿಡಿ ಸಾರ್, ಈಗ ಏನು ಕೊಡ್ಬೇಕು ಹೇಳಿ" ಎಂದ.

ಸಂಜೆ ಐದೂವರೆಗೆ ಮಗುವನ್ನು ಮನೆಗೆ ಕರೆತಂದರು. ವಾಂತಿ ನಿಂತಿತ್ತು. ಚಮಚದಲ್ಲಿ ಓಆರ್‌ಎಸ್ ಕುಡಿದು, ಬಿಸ್ಕತ್ತು ಬೇಕೆಂದು ಕೇಳಿ, ಕೊಡುವ ಮೊದಲೇ ನಿದ್ದೆ ಹೋಯಿತು. ಭಯಪಡುವಂಥದ್ದೇನೂ ಇಲ್ಲ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಫೋನಿನಲ್ಲಿ ಸುದ್ದಿ ತಿಳಿದ ಮೇಘಶ್ರೀ ಬೇಲೂರಿನ ಬಸ್ಸಿಳಿದು ಓಡುತ್ತ ಬಂದಳು. ಮಗಳ ಹಣೆ, ಹೊಟ್ಟೆ ಮುಟ್ಟಿ ನೋಡಿ, ಚೀಲವನ್ನೂ ಕೆಳಗಿಡದೆ ಅತ್ತೆಯ ಎದುರು ನಿಂತಳು.

"ಬೇಡ ಅಂತ ಹೇಳಿ ಹೋಗಿದ್ದೆ ಅಲ್ವಾ ಅತ್ತೆ? ಒಂದು ಮಾತು ಕೇಳೋಕಾಗ್ಲಿಲ್ವಾ ನಿಮಗೆ? ನಿಮ್ಮ ಹಟಕ್ಕೆ ನನ್ನ ಮಗು ಬೇಕಿತ್ತಾ?"

"ಮೇಘ, ಸಾಕು" ಎಂದ ಬಸವಕುಮಾರ.

"ಅವಳಂದಿದ್ದು ಸರಿಯಾಗೇ ಐತೆ" ಎಂದಳು ಶಿವಗಂಗಮ್ಮ. ಕುರ್ಚಿಯಲ್ಲಿ ಕೂತಿದ್ದವಳು ನೆಲ ನೋಡುತ್ತಲೇ ಹೇಳಿದಳು. ಬೇರೆ ಯಾರ ಮನೆಯ ಸುದ್ದಿಯನ್ನೋ ಹೇಳುವ ಹಾಗೆ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. "ನಂಗೆ ವಾಸನೆ ಬರಲ್ಲ. ನಾಲ್ಕು ವರ್ಷ ಆಯ್ತು. ಮೂಸಿದ ಹಾಗೆ ಮಾಡ್ತೀನಿ ಅಷ್ಟೇ. ಇವತ್ತೂ ಹಂಗೇ ಮಾಡ್ದೆ."

ಅಯ್ಯೋ ಎನ್ನುತ್ತಾರೆ, ಯಾಕೆ ಹೇಳಲಿಲ್ಲ ಎನ್ನುತ್ತಾರೆ ಎಂದು ಕಾದಳು. ತಲೆಯೆತ್ತಿ ನೋಡಿದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಆಶ್ಚರ್ಯ ಇರಲಿಲ್ಲ.

ಹ್ಯಾಗೂ ಬಾಯಿ ಬಿಟ್ಟಾಯಿತು, ಅರ್ಧ ಯಾಕೆ ಇಟ್ಟುಕೊಳ್ಳುವುದು ಎಂದು ಶಿವಗಂಗಮ್ಮ ಮುಂದುವರಿಸಿದಳು. "ನಿಮ್ಮಪ್ಪಂಗೂ ಹಿಂಗೇ ಮಾಡೀನಿ ಕಣೋ. ಆಸ್ಪತ್ರೆಗೆ ಹೋಗೋ ಹಿಂದಿನ ದಿನ. ಹಳಸಿ ನೊರೆ ಬಂದಿದ್ ಬಸ್ಸಾರು ಬಡ್ಸಿದೆ. ನಾಯಿ ಮೂಸ್ಲಿಲ್ಲ ಅದ್ನ. ಅವ್ರು ತಟ್ಟೆ ತೊಳೆದು ಕುಡಿದ್ರು." ಇಲ್ಲಿ ಅವಳ ಮಾತು ಒಂದಿಷ್ಟು ತಡವರಿಸಿತು. "ಅವ್ರಿಗೂ ಮೂಗು ಹೋಗಿತ್ತು, ಅಲ್ವೇನೋ? ಡಾಕ್ಟ್ರು ಏನಾರ ಹೇಳಿದ್ರಾ? ಹೋಗಿರ್ಬೇಕು. ಇಲ್ದಿದ್ರೆ ತಿಂತಿದ್ರಾ ಅವ್ರು?"

ಬಸವಕುಮಾರ ಹೌದು ಎಂದುಬಿಟ್ಟಿದ್ದರೆ ಆಗುತ್ತಿತ್ತು. ಎರಡಕ್ಷರದ ಮಾತು. ಅವನು ಹೆಂಡತಿಯ ಕಡೆ ನೋಡಿದ.

"ಇವತ್ತಾದ್ರೂ ಹೇಳ್ಬಿಡ್ರೀ" ಎಂದಳು ಮೇಘಶ್ರೀ. ಅವಳ ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದು ಈಗ ಗಂಡನ ಕಡೆಗೆ ತಿರುಗಿತ್ತು. "ಎಷ್ಟು ಸಲ ಹೇಳಿದೀನಿ ನಿಮಗೆ, ಅತ್ತೆಗೆ ಹೇಳ್ಬಿಡಿ ಅಂತ. ಹೇಳಿದ್ರೆ ಇವತ್ತು ಈ ಗತಿ ಬರ್ತಿತ್ತಾ?"

ಬಸವಕುಮಾರ ಅಮ್ಮನ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತ.

"ಇಲ್ಲಮ್ಮ. ಅಪ್ಪಂಗೆ ವಾಸನೆ, ರುಚಿ ಎಲ್ಲಾ ಇತ್ತು. ಕಾರಲ್ಲಿ ಹಾಸನಕ್ಕೆ ಹೋಗ್ತಾ ಅವ್ರೇ ಹೇಳಿದ್ರು. ಉಸಿರು ಎಳ್ಕಂಡು ಎಳ್ಕಂಡು ಹೇಳಿದ್ರು. 'ನಿಮ್ಮಮ್ಮಂಗೆ ಮೂಗು ಹೋಗೈತೆ ಕಣೋ. ಅವಳಿಗಿನ್ನೂ ಗೊತ್ತಿಲ್ಲ. ನೀವಾಗಿ ಎತ್ತಾಡ್ಬೇಡಿ, ಮೂಗೇ ಅವಳ ಜೀವ, ಎದೆ ಒಡ್ಕಂತಾಳೆ. ಅಡಿಗೆ ಕಡೆ ಮಾತ್ರ ಒಂದು ಕಣ್ಣಿಟ್ಟಿರಿ' ಅಂದ್ರು. ಅದಕ್ಕೇ ನಾನು..."

"ಹಳಸಿದ್ದು ಅಂತ ಗೊತ್ತಿತ್ತಾ ಅವ್ರಿಗೆ?"

"ಗೊತ್ತಿತ್ತು."

"ಗೊತ್ತಿದ್ದೂ ತಿಂದ್ರಾ?"

"ನಿಂಗೆ ಜ್ವರ ಇತ್ತಂತೆ, ನಿಲ್ಲಕ್ಕಾಗ್ದೆ ಗೋಡೆ ಹಿಡ್ಕಂಡು ಮುದ್ದೆ ತೊಳ್ಸಿದ್ಯಂತೆ. ಇನ್ನೊಂದ್ ಸಲ ಒಲೆ ಮುಂದೆ ನಿಲ್ಲಿಸೋದು ಬೇಡ ಅಂತ ತಿಂದ್ರಂತೆ." ಬಸವಕುಮಾರ ಮುಖ ಒರೆಸಿಕೊಂಡ. "ಅಮ್ಮ, ನಕ್ಕ್ರು ಅವ್ರು. ಅಷ್ಟು ಉಬ್ಬಸದಲ್ಲೂ ನಕ್ಕ್ರು. 'ಮೂವತ್ತೆಂಟು ವರ್ಷ ತಪ್ಪಿಸ್ಕಂಡಿದ್ದೆ ಕಣೋ, ಕೊನೇಗೂ ತಿನ್ನಿಸ್ಬಿಟ್ಲು ನೋಡು' ಅಂದ್ರು."

ಹೊರಗೆ ಯಾರೋ ಸ್ಕೂಟರು ಸ್ಟಾರ್ಟು ಮಾಡಿಕೊಂಡು ಹೋದರು. ಒಳಗೆ ಸಿರಿ ಮಗ್ಗಲು ತಿರುಗಿದಳು. ಮೇಘಶ್ರೀ ಕೊನೆಗೂ ಚೀಲ ಕೆಳಗಿಟ್ಟಳು.

"ಏನು ಧಾಡಿಯಾಗಿತ್ತು ಆ ಮನುಷ್ಯಂಗೆ?" ಎಂದಳು ಶಿವಗಂಗಮ್ಮ. ಮೆಲ್ಲಗೇ ಎಂದಳು. ಆಮೇಲೆ ಕುರ್ಚಿಯಿಂದ ಎದ್ದಳು. "ಬಾಯಿಗೆ ಬೀಗ ಬಿದ್ದಿತ್ತಾ? ಹಳಸೈತೆ ಕಣೇ, ಚೆಲ್ಲು ಅಂದಿದ್ರೆ ನಾನೇನು ತಲೆ ಕಡೀತಿದ್ನಾ? ಮಜ್ಜಿಗೆ ಇತ್ತು ಮನೇಲಿ! ಒಂದು ಲೋಟ ಮಜ್ಜಿಗೆ ಸುರಿದು ಕೊಡ್ತಿರ್ಲಿಲ್ವಾ ನಾನು? ಇಷ್ಟು ದಿನ ಇಲ್ಲದ ದೊಡ್ಡ ಗುಣ ಅವತ್ತು ಎಲ್ಲಿಂದ ಬಂತು? ಕೈ ಅಡ್ಡ ಹಿಡಿಯಕ್ಕೇನಾಗಿತ್ತು ರೋಗ! ತಿಂದಿದ್ದೂ ಅಲ್ದೆ ಚೆನ್ನಾಗಿತ್ತು ಅಂತಾರೆ, ಚೆನ್ನಾಗಿತ್ತಂತೆ, ಮಣ್ಣು ಚೆನ್ನಾಗಿತ್ತು!"

ದನಿ ಏರುತ್ತ ಹೋಯಿತು. ನಾಲ್ಕು ವರ್ಷದಿಂದ ಆ ಮನೆಯಲ್ಲಿ ಕೇಳದ ದನಿ. ಸುವರ್ಣಮ್ಮ ಗಾಬರಿಯಾಗಿ ಗೇಟಿನ ಹತ್ತಿರ ಬಂದು ನಿಂತಳು. ಗಂಡ ಎದುರಿಗೇ ತಟ್ಟೆಯ ಮುಂದೆ ಕೂತಿದ್ದಾನೆ ಎಂಬಂತೆ ಶಿವಗಂಗಮ್ಮ ಕೈ ಬೀಸಿ ಬೀಸಿ ಬೈಯುತ್ತಿದ್ದಳು. ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯುತ್ತಿದ್ದರೂ ಅದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಬಸವಕುಮಾರ ಹಿಡಿದು ಕೂರಿಸಲು ಎದ್ದ. ಮೇಘಶ್ರೀ ಅವನ ತೋಳು ಹಿಡಿದು ತಡೆದಳು.

"ಬಿಡ್ರೀ" ಎಂದಳು. "ಬೈಕೊಳ್ಲಿ."